ಲೋ ಕಾರ್ಬ್ ಶುರು ಮಾಡ್ತಿದ್ದೀರಾ? ಮೊದಲ ಎರಡು ವಾರಕ್ಕೆ ಸುಲಭದ ಊಟಗಳು

ನಾನು ನೋಡಿದ ಹಾಗೆ ಲೋ ಕಾರ್ಬ್, ಅಂದ್ರೆ ಪಿಷ್ಟ ಸಕ್ಕರೆ ಥರದ ಕಾರ್ಬೊಹೈಡ್ರೇಟ್ ಕಮ್ಮಿ ಇರೋ ಊಟ, ಶುರು ಮಾಡಿದವರು ಬಿಟ್ಬಿಡೋದು ಜಾಸ್ತಿ ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ, ಅದಕ್ಕೆ ಕಾರಣ ಮನಸ್ಸು ಗಟ್ಟಿ ಇಲ್ಲ ಅಂತಲ್ಲ, ಹೊಟ್ಟೆ ಹಸಿವು ಅಷ್ಟೇ. ಅನ್ನ ತೆಗೆದ್ರು, ಬ್ರೆಡ್ ತೆಗೆದ್ರು, ಸಕ್ಕರೆ ತೆಗೆದ್ರು, ಆದ್ರೆ ತೆಗೆದ ಜಾಗಕ್ಕೆ ಏನನ್ನೂ ತಂದಿಡ್ಲಿಲ್ಲ. ನಾನೂ ಮೊದಲನೇ ಸಲ ಹಾಗೇ ಮಾಡಿದ್ದು. ಮಧ್ಯಾಹ್ನ ಸೌತೆಕಾಯಿ ಟೊಮೇಟೊ ಸಲಾಡ್ ಒಂದು ಬಟ್ಟಲು ತಿಂದು ಎದ್ದುಬಿಡ್ತಿದ್ದೆ, ಸಂಜೆ 4 ಗಂಟೆ ಹೊತ್ತಿಗೆ ಕೈ ನಡುಗೋ ಥರ ಆಗ್ತಿತ್ತು, ನಾಲ್ಕನೇ ದಿನ ಅಡುಗೆಮನೇಲಿ ನಿಂತ್ಕೊಂಡೇ ಅರ್ಧ ಪ್ಯಾಕೆಟ್ ಬಿಸ್ಕೆಟ್ ಖಾಲಿ ಆಯ್ತು, ಅಲ್ಲಿಗೆ ಮುಗೀತು. ಎರಡನೇ ಸಲ ಶುರು ಮಾಡೋಕೆ ಮುಂಚೆ ಒಂದು ಹಾಳೆ ತಗೊಂಡು ಎಡಗಡೆ ಏನು ಬಿಡ್ತೀನಿ, ಬಲಗಡೆ ಅದರ ಬದಲು ಏನು ತಿಂತೀನಿ ಅಂತ ಬರ್ಕೊಂಡೆ. ಬಲಗಡೆ ಖಾಲಿ ಇದ್ರೆ ಎಡಗಡೇದನ್ನ ಬಿಡೋದೇ ಬೇಡ ಅಂತ ತೀರ್ಮಾನ ಮಾಡ್ಕೊಂಡೆ. ಆ ಸಲ ನಿಂತ್ಕೊಳ್ತು. ಕೆಳಗೆ ಬರೆದಿರೋದು ಹೆಚ್ಚು ಕಮ್ಮಿ ಆ ಬಲಗಡೆಯ ಲಿಸ್ಟೇ.

ಮೊದಲು ಒಂದು ಸೀರಿಯಸ್ ಮಾತು, ಇದನ್ನ ದಯವಿಟ್ಟು ಹಾರಿಸ್ಕೊಂಡು ಹೋಗ್ಬೇಡಿ. ಶುಗರ್‌ಗೆ ಇನ್ಸುಲಿನ್ ತಗೊಳ್ತಿರೋರು, ಅಥವಾ ಶುಗರ್ ಇಳಿಸೋ ಮಾತ್ರೆ ತಗೊಳ್ತಿರೋರು ಕಾರ್ಬ್ ಕಮ್ಮಿ ಮಾಡಿ ಔಷಧಿ ಮಾತ್ರ ಅಷ್ಟೇ ಇಟ್ಕೊಂಡ್ರೆ ಶುಗರ್ ಪೂರ್ತಿ ಬಿದ್ದುಹೋಗಬಹುದು, ಅದು ಅಪಾಯ. ಎಸ್‌ಜಿಎಲ್‌ಟಿ2 ಅನ್ನೋ ಗುಂಪಿನ ಮಾತ್ರೆ ತಗೊಳ್ತಿದ್ರೆ ಕೀಟೋ ಅಸಿಡೋಸಿಸ್, ಅಂದ್ರೆ ರಕ್ತದಲ್ಲಿ ಆಮ್ಲ ಜಾಸ್ತಿ ಆಗೋ ಬೇರೆ ತೊಂದರೆ ಬರೋ ರಿಸ್ಕ್ ಇದೆ. ಬಿಪಿ ಮಾತ್ರೆ ಇರೋರು, ಕಿಡ್ನಿ ತೊಂದರೆ ಇರೋರು, ಬಸುರಿಯರು, ಎದೆಹಾಲು ಕುಡಿಸ್ತಿರೋರು, ಇವರೆಲ್ಲ ಡಾಕ್ಟರ್ ಹತ್ರ ಮಾತಾಡಿಯೇ ಶುರು ಮಾಡ್ಬೇಕು. ಮಾತ್ರೆ ಡೋಸ್ ನೀವೇ ಬದಲಾಯಿಸೋಕೂ ಹೋಗ್ಬೇಡಿ.

ಎಷ್ಟು ಕಮ್ಮಿ ಅಂದ್ರೆ ಲೋ ಕಾರ್ಬ್?

ದಿನಕ್ಕೆ 2000 ಕ್ಯಾಲೊರಿ ತಿನ್ನೋ ಒಬ್ಬರಿಗೆ ಸಾಮಾನ್ಯವಾಗಿ ಹೇಳೋ ಲೆಕ್ಕದಲ್ಲಿ 45ರಿಂದ 65 ಪರ್ಸೆಂಟ್ ಕಾರ್ಬ್‌ನಿಂದ ಬರತ್ತೆ, ಅಂದ್ರೆ 225ರಿಂದ 325 ಗ್ರಾಂ. ಅದು 130 ಗ್ರಾಂಗಿಂತ ಕೆಳಗೆ ಬಂದ್ರೆ ಲೋ ಕಾರ್ಬ್ ಅಂತಾರೆ, 20ರಿಂದ 50 ಗ್ರಾಂಗೆ ಇಳಿದ್ರೆ ಕೀಟೋ. ಹೊಸಬರು ಮೊದಲ ದಿನವೇ ಕೀಟೋಗೆ ಹಾರೋದು ನನಗೆ ಸರಿ ಅನ್ಸಲ್ಲ. ಕೀಟೋಜೆನಿಕ್ ಡಯಟ್ ಅನ್ನೋ ಹೆಸರು ಬಂದಿದ್ದೇ 1921ರಲ್ಲಿ, ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಅನ್ನೋ ಡಾಕ್ಟರಿಂದ, ಅದೂ ಮೂರ್ಛೆ ರೋಗದವರ ಚಿಕಿತ್ಸೆಗೆ, ತೂಕ ಇಳಿಸೋಕಲ್ಲ. ಅದು ಡಾಕ್ಟರ್ ನಿಗಾದಲ್ಲಿ ಮಾಡೋ ಬಿಗಿಯಾದ ಪಥ್ಯ. ನಮಗೆ ಮೊದಲ ಎರಡು ವಾರಕ್ಕೆ 100ರಿಂದ 130 ಗ್ರಾಂ ಒಳಗೆ ಇದ್ರೆ ಧಾರಾಳ ಸಾಕು, ಆಮೇಲೆ ಬೇಕಿದ್ರೆ ಇಳಿಸ್ಕೊಳ್ಳಿ.

ಶುರುವಿನಲ್ಲಿ ಪ್ರತಿ ತುತ್ತಿಗೂ ಲೆಕ್ಕ ಹಾಕೋದು ಬೇಡ, ಆದ್ರೆ ಒಂದಷ್ಟು ನಂಬರ್ ತಲೇಲಿರ್ಲಿ. ಬೆಂದ ಅನ್ನ ಒಂದು ಕಪ್‌ಗೆ ಸುಮಾರು 45 ಗ್ರಾಂ ಕಾರ್ಬ್, ಒಂದು ಸ್ಲೈಸ್ ಬ್ರೆಡ್‌ಗೆ 12ರಿಂದ 15, ಬೇಯಿಸಿದ ಆಲೂಗಡ್ಡೆ 100 ಗ್ರಾಂಗೆ 20, ಮಧ್ಯಮ ಸೈಜಿನ ಬಾಳೆಹಣ್ಣಿಗೆ 27, ಒಂದು ಕ್ಯಾನ್ ಕೋಲಾಗೆ 35ರ ಆಸುಪಾಸು, ಒಂದು ದೊಡ್ಡ ಗ್ಲಾಸ್ ಕಿತ್ತಳೆ ಜ್ಯೂಸ್‌ಗೆ 26. ಈ ಕಡೆ ನೋಡಿದ್ರೆ ಹೂಕೋಸು 100 ಗ್ರಾಂಗೆ 5, ಪಾಲಕ್ 4ಕ್ಕಿಂತ ಕಮ್ಮಿ, ಅಣಬೆ 3 ಚಿಲ್ಲರೆ, ಒಂದು ಮೊಟ್ಟೆಗೆ 1 ಗ್ರಾಂ ಕೂಡ ಇಲ್ಲ, ಮೀನು ಚಿಕನ್‌ಗಂತೂ ಸೊನ್ನೆ ಅಂತಾನೇ ಇಟ್ಕೊಳ್ಳಿ. ಇದನ್ನ ನೋಡಿದ ಮೇಲೆ ಗೊತ್ತಾಗತ್ತೆ, ದಿನದ ಕಾರ್ಬ್ ಪೂರ್ತಿ ನಾಲ್ಕೈದು ಐಟಂಗಳಲ್ಲೇ ಕೂತಿದೆ, ಅವುಗಳ ಜಾಗಕ್ಕೆ ಬೇರೆ ಏನಾದ್ರೂ ತಂದ್ರೆ ಮುಕ್ಕಾಲು ಕೆಲಸ ಆಯ್ತು, ಕ್ಯಾರೆಟ್‌ನಲ್ಲಿ ಎಷ್ಟು ಈರುಳ್ಳೀಲಿ ಎಷ್ಟು ಅಂತ ತಲೆ ಕೆಡಿಸ್ಕೊಳ್ಳೋ ಅಗತ್ಯ ಇಲ್ಲ.

ಬೆಳಗಿನ ತಿಂಡಿಯಿಂದ ಶುರು ಮಾಡಿ

ಮೂರೂ ಹೊತ್ತು ಒಟ್ಟಿಗೆ ಬದಲಾಯಿಸ್ಬೇಡಿ. ಮೊದಲ ಮೂರು ದಿನ ತಿಂಡಿ ಮಾತ್ರ, ಆಮೇಲೆ ಮಧ್ಯಾಹ್ನದ ಊಟ, ಆಮೇಲೆ ರಾತ್ರೀದು. ತಿಂಡಿ ಯಾಕೆ ಮೊದಲು ಅಂದ್ರೆ ಅದನ್ನ ಸಾಮಾನ್ಯವಾಗಿ ನಾವೊಬ್ಬರೇ ತಿಂತೀವಿ, ಮನೆಯವರ ಜೊತೆ ಹೊಂದಾಣಿಕೆ ಮಾಡೋ ಕಷ್ಟ ಕಮ್ಮಿ, ಮತ್ತೆ ಬೆಳಗ್ಗೆ ಪ್ರೋಟೀನ್ ಸರಿಯಾಗಿ ಬಿದ್ರೆ ಮಧ್ಯಾಹ್ನದ ತನಕ ಕೈ ಡಬ್ಬಿ ಕಡೆ ಹೋಗಲ್ಲ.

ಎಲ್ಲಕ್ಕಿಂತ ಸುಲಭ ಮೊಟ್ಟೆ. ಒಂದಕ್ಕೆ 6 ಗ್ರಾಂ ಪ್ರೋಟೀನ್ ಇದೆ, ಹಾಗಾಗಿ ಎರಡೋ ಮೂರೋ ಬೇಕು, ಒಂದರಲ್ಲಿ ಏನೂ ಆಗಲ್ಲ. ಅಣಬೆ ಪಾಲಕ್ ಆಮ್ಲೆಟ್ ನಾನು ವಾರಕ್ಕೆ ಮೂರು ಸಲ ಮಾಡ್ತೀನಿ, ಅದರಲ್ಲಿ ಒಂದೇ ಒಂದು ಗುಟ್ಟು, ಅಣಬೆಯನ್ನ ಮೊದಲು ಒಂಟಿಯಾಗಿ ಹುರೀಬೇಕು. ಬಾಣಲೆಗೆ ಹಾಕಿದ ಒಂದು ನಿಮಿಷಕ್ಕೆ ನೀರು ಬಿಡತ್ತೆ, ಆ ನೀರು ಪೂರ್ತಿ ಇಂಗಿ ಅಂಚು ಕಂದು ಬಣ್ಣಕ್ಕೆ ತಿರುಗೋ ತನಕ ಕಾಯಿರಿ, ಆಗ ಒಂದು ಹಿಡಿ ಪಾಲಕ್ ಹಾಕಿ, ಅದು ಬಾಡಿದ ಮೇಲೆ ಉಪ್ಪು ಮೆಣಸು ಹಾಕಿ ಕಲಸಿದ ಮೊಟ್ಟೆ ಸುರೀರಿ, ಮೇಲೆ ಸ್ವಲ್ಪ ಚೀಸ್ ತುರಿದು ಮುಚ್ಚಿಡಿ. ಹಸಿ ಅಣಬೇನ ಸೀದಾ ಮೊಟ್ಟೆಗೆ ಹಾಕಿದ್ರೆ ಆಮ್ಲೆಟ್ ನೀರಾಗಿ ಕಿತ್ತುಹೋಗತ್ತೆ.

ಬೆಳಗ್ಗೆ ಟೈಮೇ ಇಲ್ಲ ಅನ್ನೋರಿಗೆ ಮೊಟ್ಟೆ ಮಫಿನ್. 6 ಮೊಟ್ಟೆ ಒಡೆದು ಕಲಸಿ, ಸಣ್ಣಗೆ ಹೆಚ್ಚಿದ ಕ್ಯಾಪ್ಸಿಕಂ, ಈರುಳ್ಳಿ, ಇದ್ರೆ ನಿನ್ನೆ ಉಳಿದ ಚಿಕನ್ ಚೂರು, ಚೀಸ್ ಎಲ್ಲ ಹಾಕಿ, ಎಣ್ಣೆ ಸವರಿದ ಮಫಿನ್ ಟ್ರೇಗೆ ಮುಕ್ಕಾಲು ಭಾಗ ತುಂಬಿಸಿ, 180 ಡಿಗ್ರಿ ಓವನ್‌ನಲ್ಲಿ ಹತ್ತಿರ ಹತ್ತಿರ 20 ನಿಮಿಷ. ಉಬ್ಬಿ ಬರತ್ತೆ, ಹೊರಗೆ ತೆಗೆದ ತಕ್ಷಣ ಕುಸಿಯತ್ತೆ, ಹೆದರ್ಬೇಡಿ, ಅದು ಹಾಗೇ. ಓವನ್ ಇಲ್ಲದಿದ್ರೆ ದಪ್ಪ ತಳದ ಬಾಣಲೇಲಿ ಅದೇ ಮಿಶ್ರಣ ಸುರಿದು ಮುಚ್ಚಿ ಸಣ್ಣ ಉರೀಲಿ ಬೇಯಿಸಿ, ತುಂಡು ಮಾಡ್ಕೊಳ್ಳಿ. ಮೂರು ದಿನ ಫ್ರಿಜ್‌ನಲ್ಲಿ ಚೆನ್ನಾಗಿರತ್ತೆ.

ಮೊಟ್ಟೆ ತಿನ್ನದೇ ಇರೋರಿಗೆ ಗಟ್ಟಿ ಮೊಸರು. ಸಪ್ಪೆ ಮೊಸರನ್ನ ತೆಳುವಾದ ಬಟ್ಟೇಲಿ ಕಟ್ಟಿ ಫ್ರಿಜ್‌ನಲ್ಲಿ ಮೂರು ನಾಲ್ಕು ಗಂಟೆ ಸೋರೋಕೆ ಬಿಟ್ರೆ ನೀರಿನ ಜೊತೆ ಒಂದಷ್ಟು ಹಾಲಿನ ಸಕ್ಕರೇನೂ ಇಳಿದುಹೋಗತ್ತೆ, ಉಳಿಯೋದು ಕೆನೆ ಥರ ದಪ್ಪಗಿರತ್ತೆ. ಅದರ ಒಂದು ಬಟ್ಟಲಿಗೆ ಹತ್ತು ಬಾದಾಮಿ ಜಜ್ಜಿ ಹಾಕಿ, ಒಂದು ಚಮಚ ಚಿಯಾ ಅಥವಾ ಅಗಸೆ ಬೀಜ, ನಾಲ್ಕೈದು ಸ್ಟ್ರಾಬೆರಿ ಹೆಚ್ಚಿ ಹಾಕಿ, ಫೈಬರ್, ಅಂದ್ರೆ ಜೀರ್ಣ ಆಗದ ನಾರು, ಕಳೆದ್ರೆ ಕಾರ್ಬ್ 15 ಗ್ರಾಂ ಆಸುಪಾಸು ಆಗತ್ತೆ. ಅಂಗಡೀಲಿ ಸಿಗೋ ಹಣ್ಣಿನ ಫ್ಲೇವರ್ ಮೊಸರು ಮಾತ್ರ ಬೇಡ, ಅದರಲ್ಲಿ ಸಕ್ಕರೆ ಸೇರಿಸಿರ್ತಾರೆ. ಜೇನುತುಪ್ಪ ನ್ಯಾಚುರಲ್ ಅಲ್ವಾ ಅಂತ ಕೇಳ್ತಾರೆ, ನ್ಯಾಚುರಲ್ಲೇ, ಆದ್ರೆ ಒಂದು ದೊಡ್ಡ ಚಮಚಕ್ಕೆ 17 ಗ್ರಾಂ ಕಾರ್ಬ್.

ಮಧ್ಯಾಹ್ನ: ಅನ್ನದ ಜಾಗಕ್ಕೆ ಏನು

ಇಲ್ಲೇ ಎಲ್ಲರೂ ಸಿಕ್ಕಿಹಾಕ್ಕೊಳ್ಳೋದು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಹೂಕೋಸಿನ ಅನ್ನ ಮಾಡಿ ನೋಡಿ. ಸುಮಾರು ಜನ ಒಂದು ಸಲ ಮಾಡಿ ಮುದ್ದೆ ಆಯ್ತು, ವಾಸನೆ ಬಂತು ಅಂತ ಬಿಟ್ಟಿರ್ತಾರೆ, ನನ್ನದೂ ಮೊದಲ ಸಲ ಗಂಜಿ ಥರಾನೇ ಆಗಿತ್ತು, ಯಾಕಂದ್ರೆ ನಾನು ಅದನ್ನ ನೀರಲ್ಲಿ ಬೇಯಿಸಿದ್ದೆ. ನೀರೇ ಇದರ ಶತ್ರು. ಹೂಕೋಸು ತೊಳೆದು ಬಟ್ಟೇಲಿ ಪೂರ್ತಿ ಒರೆಸಿ, ತುರಿಯೋ ಮಣೆಯ ದೊಡ್ಡ ತೂತಿನ ಕಡೆ ತುರೀರಿ. ಮಿಕ್ಸಿಗೆ ಹಾಕೋದಾದ್ರೆ ಜಾರ್ ಅರ್ಧ ಮಾತ್ರ ತುಂಬಿಸಿ, ಒಂದೊಂದು ಸೆಕೆಂಡ್ ತಿರುಗಿಸಿ ನಿಲ್ಲಿಸಿ ನಿಲ್ಲಿಸಿ, ಅಕ್ಕಿ ಕಾಳಿನ ಗಾತ್ರಕ್ಕೆ ಬಂದ ತಕ್ಷಣ ಸಾಕು, ಇನ್ನೊಂದು ಸುತ್ತು ಅಂದ್ರೆ ಪೇಸ್ಟ್ ಆಗತ್ತೆ. ತುರಿದಿದ್ದನ್ನ ಬಟ್ಟೇಲಿ ಸುತ್ತಿ ಒಂದು ಸಲ ಹಿಂಡಿ. ಅಗಲವಾದ ಬಾಣಲೆ ಚೆನ್ನಾಗಿ ಕಾಯಿಸಿ, ಒಂದು ಚಮಚ ಎಣ್ಣೆ ಅಥವಾ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಆಮೇಲೆ ಹೂಕೋಸು. ದೊಡ್ಡ ಉರಿ, ಮುಚ್ಚಳ ಹಾಕಬಾರದು, ಐದು ನಿಮಿಷ. ಉಪ್ಪು ಕೊನೇಲಿ ಹಾಕಿ, ಮೊದಲೇ ಹಾಕಿದ್ರೆ ನೀರು ಬಿಡತ್ತೆ. ಕೈಯಲ್ಲಿ ತಗೊಂಡ್ರೆ ಕಾಳು ಕಾಳಾಗಿ ಉದುರಬೇಕು, ಅಲ್ಲಲ್ಲಿ ಹೊಂಬಣ್ಣ ಬಂದಿದ್ರೆ ಇನ್ನೂ ರುಚಿ. ನೀವು ಅನ್ನದ ಜೊತೆ ಏನು ಕಲಸ್ಕೊಂಡು ತಿಂತಿದ್ರೋ ಅದನ್ನೇ ಇದರ ಜೊತೆ ಸ್ವಲ್ಪ ಗಟ್ಟಿಯಾಗಿ ಮಾಡ್ಕೊಂಡು ತಿನ್ನಿ, ತೆಳ್ಳಗಿನ ಸಾರು ಇದಕ್ಕೆ ಹೊಂದಲ್ಲ.

ಪೂರ್ತಿ ಅನ್ನ ಬಿಡೋಕೆ ಆಗ್ತಿಲ್ಲ ಅಂದ್ರೆ ಮೊದಲ ವಾರ ಅರ್ಧ ಅನ್ನ ಅರ್ಧ ಹೂಕೋಸು ಕಲಸಿ. ಅರ್ಧ ಕಪ್ ಅನ್ನಕ್ಕೆ 22 ಗ್ರಾಂ ಚಿಲ್ಲರೆ ಅಷ್ಟೇ, ನಮ್ಮ 100-130ರ ಲೆಕ್ಕಕ್ಕೆ ಅದು ಆರಾಮಾಗಿ ಸೇರ್ಕೊಳ್ಳತ್ತೆ. ಇದನ್ನ ಸೋಲು ಅಂತ ಅಂದ್ಕೋಬೇಡಿ ಪ್ಲೀಸ್.

ಆಫೀಸಿಗೆ ಡಬ್ಬಿ ತಗೊಂಡು ಹೋಗೋರಿಗೆ ಎಲೆಕೋಸಿನ ಎಲೆ ರೋಲ್ ಒಳ್ಳೇದು. ದೊಡ್ಡ ಎಲೆ ಬಿಡಿಸಿ ಕುದಿಯೋ ನೀರಲ್ಲಿ ಒಂದು ನಿಮಿಷ ಅದ್ದಿ ತೆಗೆದ್ರೆ ಬಟ್ಟೆ ಥರ ಬಗ್ಗತ್ತೆ, ನಡುವಿನ ದಪ್ಪ ದಂಟನ್ನ ಚಾಕೂಲಿ ಸವರಿ ತೆಳ್ಳಗೆ ಮಾಡಿ, ಒಳಗೆ ಬೇಯಿಸಿ ಬಿಡಿಸಿದ ಚಿಕನ್ನೋ, ಡಬ್ಬಿ ಟ್ಯೂನಾನೋ, ಹಿಸುಕಿದ ಬೇಯಿಸಿದ ಮೊಟ್ಟೆನೋ, ಗಟ್ಟಿ ಮೊಸರು ಇಲ್ಲ ಮಯೊನೀಸ್ ಜೊತೆ ಕಲಸಿ, ಮೆಣಸಿನ ಪುಡಿ ನಿಂಬೆರಸ ಹಾಕಿ ಸುತ್ತಿ. ಇನ್ನು ಸಲಾಡೇ ತಿಂತೀನಿ ಅನ್ನೋರು ಅದನ್ನ ಊಟದ ಥರ ಮಾಡಿ, ಅಂದ್ರೆ ಸೊಪ್ಪಿನ ಮೇಲೆ ಒಂದು ಅಂಗೈ ಗಾತ್ರದ ಚಿಕನ್ ಅಥವಾ ಮೀನು ಅಥವಾ ತೋಫು, ಅರ್ಧ ಬೆಣ್ಣೆಹಣ್ಣು, ಒಂದು ಚಮಚ ಆಲಿವ್ ಎಣ್ಣೆ. ಬರೀ ಸೌತೆಕಾಯಿ ತಿಂದ್ರೆ ಏನಾಗತ್ತೆ ಅಂತ ಮೇಲೆ ಹೇಳಿದೀನಲ್ಲ.

ರಾತ್ರಿ: ಒಂದೇ ಪಾತ್ರೆ

ರಾತ್ರಿ ಸುಸ್ತಾಗಿರತ್ತೆ, ಎರಡೆರಡು ಅಡುಗೆ ಮಾಡೋಕೆ ಯಾರಿಗೆ ಆಗತ್ತೆ. ಒಂದು ಟ್ರೇಗೆ ಚಿಕನ್ ತೊಡೆ ಪೀಸ್ ಇಟ್ಟು ಎಣ್ಣೆ, ಉಪ್ಪು, ಬೆಳ್ಳುಳ್ಳಿ, ನಿಂಬೆರಸ ಸವರಿ 200 ಡಿಗ್ರೀಲಿ 35 ನಿಮಿಷದಷ್ಟು ಬಿಡಿ, ಅದರಲ್ಲಿ ಕೊನೆ 15 ನಿಮಿಷ ಇರುವಾಗ ಬ್ರೊಕೊಲಿ, ಕ್ಯಾಪ್ಸಿಕಂ ಅದೇ ಟ್ರೇಗೆ ಸೇರಿಸಿ, ಚಿಕನ್ ಬಿಟ್ಟ ಕೊಬ್ಬಿನಲ್ಲೇ ತರಕಾರಿ ಬೇಯತ್ತೆ. ಥರ್ಮಾಮೀಟರ್ ಇದ್ರೆ ಮಾಂಸದ ಒಳಗೆ 74 ಡಿಗ್ರಿ ಬಂದಿರ್ಬೇಕು. ಮೀನಾದ್ರೆ ಇನ್ನೂ ಬೇಗ, ತುಂಡನ್ನ ಚೆನ್ನಾಗಿ ಒರೆಸಿ ಬಿಸಿ ಬಾಣಲೇಲಿ ಒಂದೊಂದು ಬದಿ ಮೂರು ನಾಲ್ಕು ನಿಮಿಷ, ಇಳಿಸೋ ಮುಂಚೆ ಒಂದು ತುಂಡು ಬೆಣ್ಣೆ ಬೆಳ್ಳುಳ್ಳಿ, ಪಕ್ಕಕ್ಕೆ ಬಾಡಿಸಿದ ಬೀನ್ಸ್.

ತೋಫು ತಿನ್ನೋರು ಅದನ್ನ ಬಟ್ಟೇಲಿ ಸುತ್ತಿ ಮೇಲೆ ಭಾರ ಇಟ್ಟು 20 ನಿಮಿಷ ಒತ್ತಿಸಿ, ನೀರು ಹೋದ ಮೇಲೆ ಹುರಿದ್ರೆ ಅಂಚು ಗರಿಗರಿ ಬರತ್ತೆ, ಇಲ್ಲಾಂದ್ರೆ ಸ್ಪಂಜು ತಿಂದ ಹಾಗಿರತ್ತೆ. ಸೂಪ್ ಇಷ್ಟ ಇದ್ರೆ ಗಟ್ಟಿ ಮಾಡೋಕೆ ಕಾರ್ನ್ ಫ್ಲೋರ್ ಬೇಡ, ಬೇಯಿಸಿದ ಹೂಕೋಸನ್ನೇ ರುಬ್ಬಿ ಸೇರಿಸಿ, ಕ್ರೀಮ್ ಹಾಕಿದ ಹಾಗೇ ಬರತ್ತೆ. ಪಾಸ್ತಾ ಬದಲು ಜುಕಿನಿಯನ್ನ ಉದ್ದುದ್ದ ಸೀಳಿ ಉಪ್ಪು ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ ಎರಡೇ ನಿಮಿಷ ಬಿಸಿ ಮಾಡಿ.

ಸಸ್ಯಾಹಾರಿಗಳು ಬೇಳೆ ಕಾಳು ತಿನ್ನಬಹುದಾ ಅಂತ ಯಾವಾಗಲೂ ಕೇಳ್ತಾರೆ. ಬೆಂದ ಬೇಳೆ 100 ಗ್ರಾಂನಲ್ಲಿ ಕಾರ್ಬ್ 20 ಗ್ರಾಂ ಇದೆ, ನಿಜ, ಆದ್ರೆ ಅದರಲ್ಲಿ 8 ಗ್ರಾಂ ಫೈಬರ್, ಜೊತೆಗೆ 9 ಗ್ರಾಂ ಪ್ರೋಟೀನ್. ಕೀಟೋ ಮಾಡೋರಿಗೆ ಅದು ಜಾಸ್ತಿ, ನಮ್ಮ ಲೆಕ್ಕಕ್ಕೆ ದಿನಕ್ಕೆ ಅರ್ಧ ಕಪ್ ಖಂಡಿತ ಆಗತ್ತೆ. ಬೇಳೆಯನ್ನೂ ಬಿಟ್ಟು ಮಾಂಸಾನೂ ತಿನ್ನದೇ ಬರೀ ಸೊಪ್ಪಿನಲ್ಲಿ ಇರೋಕೆ ಹೋದ್ರೆ ಪ್ರೋಟೀನ್ ಎಲ್ಲಿಂದ ಬರ್ಬೇಕು?

ಸಂಜೆ ಹಸಿವು, ಕಾಫಿ, ಪ್ಯಾಕೆಟ್ ಐಟಂ

ಸಂಜೆಗೆ ಬೇಯಿಸಿದ ಮೊಟ್ಟೆ, ಒಂದು ತುಂಡು ಚೀಸ್, ಇಲ್ಲ ಒಂದು ಹಿಡಿ ಬಾದಾಮಿ. ಹಿಡಿ ಅಂದ್ರೆ 23 ಕಾಳು, 28 ಗ್ರಾಂ, ಕಾರ್ಬ್ 6 ಗ್ರಾಂ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಫೈಬರ್ರೇ. ಗೋಡಂಬಿ ಅಷ್ಟೇ ತೂಕಕ್ಕೆ 9 ಗ್ರಾಂ ಹತ್ತಿರ ಹೋಗತ್ತೆ, ಫೈಬರ್ ಕಮ್ಮಿ. ಯಾವುದೇ ಆಗ್ಲಿ ಬಟ್ಟಲಿಗೆ ಹಾಕ್ಕೊಂಡು ಡಬ್ಬಿ ಮುಚ್ಚಿ ಒಳಗಿಟ್ಟು ಬಂದು ತಿನ್ನಿ.

ಕಾಫಿ ಟೀಗೆ ಸಕ್ಕರೆ ಒಂದು ಟೀ ಚಮಚಕ್ಕೆ 4 ಗ್ರಾಂ, ದಿನಕ್ಕೆ ನಾಲ್ಕು ಕಪ್, ಎರಡೆರಡು ಚಮಚ ಅಂದ್ರೆ ಅಲ್ಲೇ 32 ಗ್ರಾಂ ಆಯ್ತು. ಒಂದೇ ಸಲ ಬಿಡೋಕೆ ಆಗದಿದ್ರೆ ನಾಲ್ಕು ದಿನಕ್ಕೊಂದ್ಸಲ ಅರ್ಧ ಅರ್ಧ ಚಮಚ ಇಳಿಸಿ, ನಾಲಿಗೆ ಒಗ್ಗಿಕೊಳ್ಳತ್ತೆ. ಹಾಲಿಗೂ ಒಂದು ಕಪ್‌ಗೆ 12 ಗ್ರಾಂ ಇದೆ ಅನ್ನೋದು ನೆನಪಿರ್ಲಿ.

ಶುಗರ್ ಫ್ರೀ ಅಂತ ದೊಡ್ಡದಾಗಿ ಬರೆದಿರೋ ಬಿಸ್ಕೆಟ್ ನೋಡಿ ಖುಷಿ ಪಡ್ಬೇಡಿ, ಸಕ್ಕರೆ ಇಲ್ದಿದ್ರೂ ಹಿಟ್ಟು ಇದ್ದೇ ಇರತ್ತೆ. ಹಿಂದುಗಡೆ ಟೋಟಲ್ ಕಾರ್ಬೊಹೈಡ್ರೇಟ್ ಅನ್ನೋ ಸಾಲು ನೋಡಿ, ಪಕ್ಕದಲ್ಲಿ ಎಷ್ಟು ಗ್ರಾಂಗೆ ಅಂತ ನೋಡಿ. ಇನ್ನೊಂದು ವಿಷಯ ಸುಮಾರು ಜನಕ್ಕೆ ಗೊತ್ತಿರಲ್ಲ, ಅಮೆರಿಕದ ಲೇಬಲ್‌ನಲ್ಲಿ ಟೋಟಲ್ ಕಾರ್ಬ್ ಒಳಗೆ ಫೈಬರ್ ಸೇರಿರತ್ತೆ, ನೆಟ್ ಕಾರ್ಬ್, ಅಂದ್ರೆ ಫೈಬರ್ ಬಿಟ್ಟು ಉಳಿಯೋ ಕಾರ್ಬ್, ಬೇಕು ಅಂದ್ರೆ ನಾವು ಕಳೀಬೇಕು, ಯುರೋಪಿನ ಲೇಬಲ್‌ನಲ್ಲಿ ಫೈಬರ್ ಬಿಟ್ಟೇ ಬರೆದಿರ್ತಾರೆ, ಅಲ್ಲಿ ಮತ್ತೆ ಕಳೆದ್ರೆ ಲೆಕ್ಕ ತಪ್ಪತ್ತೆ.

ಮೊದಲ ವಾರ ಮೈಗೆ ಏನಾಗತ್ತೆ

ಮೂರು ನಾಲ್ಕು ದಿನದಲ್ಲಿ ತೂಕದ ಮುಳ್ಳು ಒಂದೆರಡು ಕೆಜಿ ಇಳಿದ್ರೆ ಅದು ಬಹುಪಾಲು ನೀರು. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ಅಂತ ಕಾರ್ಬ್‌ನ ದಾಸ್ತಾನು ಇರತ್ತೆ, ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಕೂಡಿರತ್ತೆ, ದಾಸ್ತಾನು ಖಾಲಿ ಆದಾಗ ನೀರೂ ಹೋಗತ್ತೆ. ಕಾರ್ಬ್ ಕಮ್ಮಿ ಆಗಿ ಮೈಯಲ್ಲಿ ಇನ್ಸುಲಿನ್ ಇಳಿದಾಗ ಕಿಡ್ನಿ ಉಪ್ಪನ್ನೂ ಜಾಸ್ತಿ ಹೊರಗೆ ಹಾಕತ್ತೆ, ತಲೆನೋವು, ಸುಸ್ತು, ಎದ್ದಾಗ ತಲೆ ತಿರುಗೋದು ಇದರಿಂದಲೇ ಬರೋದು ಜಾಸ್ತಿ. ಬಿಪಿ ತೊಂದರೆ ಇಲ್ಲದೇ ಇದ್ರೆ ಉಪ್ಪು ಹಾಕಿದ ಒಂದು ಬಟ್ಟಲು ಬಿಸಿ ಸೂಪ್ ಕುಡೀರಿ, ನೀರು ಸರಿಯಾಗಿ ಕುಡೀರಿ, ಎರಡು ಮೂರು ದಿನದಲ್ಲಿ ಸರಿಹೋಗತ್ತೆ. ಮಲಬದ್ಧತೆ ಆದ್ರೆ ಸೊಪ್ಪು ತರಕಾರಿ ಕಮ್ಮಿ ಆಗಿದೆ ಅಂತ ಅರ್ಥ, ದಿನಕ್ಕೆ 25ರಿಂದ 30 ಗ್ರಾಂ ಫೈಬರ್ ಬೇಕು.

ಮತ್ತೆ ಕಾರ್ಬ್ ಕಮ್ಮಿ ಅಂದ ತಕ್ಷಣ ಬೆಣ್ಣೆ ಚೀಸ್ ಎಷ್ಟು ಬೇಕಾದ್ರೂ ತಿನ್ನಬಹುದು ಅಂತಲ್ಲ, ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಕಾರ್ಬ್‌ಗೆ 4. ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರನ್ನ ಎರಡು ಗುಂಪು ಮಾಡಿ 12 ತಿಂಗಳು ನೋಡಿ 2018ರಲ್ಲಿ ಫಲಿತಾಂಶ ಹೊರಗೆ ತಂದ್ರು, ಕೊಬ್ಬು ಕಮ್ಮಿ ಮಾಡಿದವರು ಸರಾಸರಿ 5.3 ಕೆಜಿ ಇಳಿದ್ರು, ಕಾರ್ಬ್ ಕಮ್ಮಿ ಮಾಡಿದವರು 6 ಕೆಜಿ, ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಎರಡೂ ಗುಂಪಿಗೂ ಹೇಳಿದ್ದು ತರಕಾರಿ ಜಾಸ್ತಿ ತಿನ್ನಿ, ಸಕ್ಕರೆ ಮೈದಾ ಬಿಡಿ ಅಂತ. ಲೋ ಕಾರ್ಬ್ ನನಗೆ ಹೊಂದಿದ್ದು ಅದರಲ್ಲಿ ಹಸಿವು ಕಮ್ಮಿ ಅನ್ನೋ ಕಾರಣಕ್ಕೆ, ನಿಮಗೆ ಎರಡು ತಿಂಗಳು ಮಾಡಿದ ಮೇಲೂ ಹಿಂಸೆ ಅನ್ಸಿದ್ರೆ ಬೇರೆ ದಾರಿ ಹಿಡಿಯೋದರಲ್ಲಿ ತಪ್ಪೇನಿಲ್ಲ.

ರಜಾ ದಿನ ಒಂದು ಗಂಟೆ

ವಾರ ಪೂರ್ತಿ ಇದನ್ನ ನಡೆಸ್ಕೊಂಡು ಹೋಗೋದು ಆ ಒಂದು ಗಂಟೆ. ಕುದಿಯೋ ನೀರಿಗೆ 8 ಮೊಟ್ಟೆ ಇಳಿಸಿ 11 ನಿಮಿಷ, ತಕ್ಷಣ ತಣ್ಣೀರಿಗೆ, ಸಿಪ್ಪೆ ತೆಗೀದೇ ಫ್ರಿಜ್‌ಗೆ, ಒಂದು ವಾರ ಇರತ್ತೆ. ಮೊಟ್ಟೆ ಬೇಯೋ ಅಷ್ಟರಲ್ಲಿ ಒಂದು ಹೂಕೋಸು ತುರಿದು ಹಿಂಡಿ, ನಾಲ್ಕು ಪಾಲು ಮಾಡಿ, ಎರಡು ಫ್ರಿಜ್‌ಗೆ ಎರಡು ಫ್ರೀಜರ್‌ಗೆ. ಇನ್ನೊಂದು ಒಲೆ ಮೇಲೆ ಚಿಕನ್ ಬೇಯಲಿ ಇಲ್ಲ ತೋಫು ಹುರೀಲಿ, ಬೆಂದ ಐಟಂ ಮೂರು ನಾಲ್ಕು ದಿನದೊಳಗೆ ಮುಗಿಸಿ. ಬಾದಾಮಿಯನ್ನ ಪುಟ್ಟ ಪುಟ್ಟ ಡಬ್ಬೀಲಿ ದಿನದ ಲೆಕ್ಕಕ್ಕೆ ತುಂಬಿಡಿ. ಡಬ್ಬಿಗಳ ಮೇಲೆ ತಾರೀಕು ಬರೆದು ಫ್ರಿಜ್ ಬಾಗಿಲು ತೆಗೆದ ತಕ್ಷಣ ಕಣ್ಣಿಗೆ ಬೀಳೋ ತಟ್ಟೇಲೇ ಜೋಡಿಸಿ, ಬಿಸ್ಕೆಟ್ ಮನೇಲಿ ಬೇರೆಯವರಿಗೆ ಬೇಕೇ ಬೇಕು ಅಂದ್ರೆ ಅದು ಮೇಲಿನ ಶೆಲ್ಫಿಗೆ ಹೋಗ್ಲಿ.